ಕ್ಲೈಂಟ್ ನಮ್ಮ ಕನ್ನಡ ಸಂಘದವರೇ, ಮಗಳ ಮದುವೆಗೆ ಕರೆದಿದ್ದಾರೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೌನ್ಸೆಲಿಂಗ್ ತರಬೇತಿಯಲ್ಲಿರುವ ನಾನು ಹೋಗಬಹುದಾ?

ಮೊದಲು ನಿಮ್ಮ ಸೂಪರ್‌ವೈಸರ್‌ಗೆ ಹೇಳಿ. ಹೋಗೋದು ಬಿಡೋದು ಆಮೇಲಿನ ಮಾತು. ಕಲಿಯುವ ಹಂತದಲ್ಲಿ ಇಂಥದ್ದನ್ನು ಒಬ್ಬರೇ ತೀರ್ಮಾನಿಸಬಾರದು.

ಹೋಗಲೇಬಾರದು ಅಂತೇನಿಲ್ಲ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆ ಮದುವೆಯನ್ನೇ ಉದಾಹರಣೆಯಾಗಿ ಕೊಡುತ್ತದೆ. ಲಾಭ-ಅಪಾಯ ತೂಗಿ, ಕ್ಲೈಂಟ್ ಒಪ್ಪಿಗೆ ಪಡೆದು, ಹಿರಿಯರ ಸಲಹೆ ಕೇಳಿ, ಎಲ್ಲವನ್ನೂ ಬರೆದಿಡಿ ಎನ್ನುತ್ತದೆ.

ಆದರೂ ನಾನಾಗಿದ್ದರೆ ಹೋಗುತ್ತಿರಲಿಲ್ಲ. ಮಾಟುಂಗದ ಯಾವುದೋ ಹಾಲ್‌ನಲ್ಲಿ ಎಲೆ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಪಕ್ಕದಲ್ಲಿರುವವರು, ‘ಇವರು ನಿಮಗೆ ಹೇಗೆ ಪರಿಚಯ?’ ಅಂತಾರೆ. ನಮ್ಮವರು ಇದನ್ನು ಕೇಳದೆ ಸಾರಿಗೂ ಕೈ ಹಾಕಲ್ಲ, ಅಲ್ವಾ! ನಿಜ ಹೇಳುವಂತಿಲ್ಲ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಟ್ಟಿದೆ. ಸುಳ್ಳು ಹೇಳಿದರೆ ಕ್ಲೈಂಟ್ ಕೂಡ ಅದೇ ಸುಳ್ಳನ್ನು ಹೊರಬೇಕು, ಅದೂ ಮಗಳ ಮದುವೆ ದಿನ.

ಬರಲ್ಲ ಅನ್ನುವುದನ್ನು ಸುಮ್ನೆ ವಾಟ್ಸಾಪಲ್ಲಿ ಹಾಕಬೇಡಿ. ಮುಂದಿನ ಸೆಷನ್‌ನಲ್ಲಿ ಎದುರಿಗೇ ಹೇಳಿ: ‘ಕರೆದಿದ್ದು ತುಂಬಾ ಖುಷಿ. ಆದರೆ ಇಲ್ಲಿನ ಮಾತು ಇಲ್ಲೇ ಇರಲಿ ಅಂತ ಬರುತ್ತಿಲ್ಲ.’ ಬೇಜಾರಾದರೆ ಆ ಬೇಜಾರಿನ ಬಗ್ಗೆಯೂ ಮಾತಾಡಿ. ಸಂಘದಲ್ಲಿ ಸಿಕ್ಕರೆ ಏನು ಮಾಡುವುದು ಅಂತಲೂ ಅವತ್ತೇ ಕೇಳಿಬಿಡಿ. ಅವರಾಗಿ ಮಾತಾಡಿಸಿದರೆ ಮಾತ್ರ ನಮಸ್ಕಾರ.