ತಲೆ ಎಣಿಸದೆ ಮಸೂದೆ ಪಾಸಾದರೆ ಸರಿಯೇ?

ಪ್ರಶ್ನೆ: ಲೋಕಸಭೆಯಲ್ಲಿ ಗದ್ದಲ ನಡೆಯುತ್ತಿರುವಾಗಲೇ ಸ್ಪೀಕರ್ ‘ಮಸೂದೆ ಅಂಗೀಕಾರವಾಗಿದೆ’ ಎಂದುಬಿಡುತ್ತಾರೆ. ತಲೆ ಎಣಿಸಿದ್ದೇ ಕಾಣುವುದಿಲ್ಲ. ಇದು ಊರ್ಜಿತವೇ? ಸ್ಪೀಕರ್ ತಾವೂ ಮತ ಹಾಕಬಹುದೇ?

ಉತ್ತರ: ಊರ್ಜಿತವೇ. ನೀವು ಕಂಡದ್ದು ಧ್ವನಿಮತ. ಒಪ್ಪುವವರು ‘ಹೌದು’, ಒಪ್ಪದವರು ‘ಇಲ್ಲ’ ಎನ್ನುತ್ತಾರೆ. ಯಾವ ಕಡೆ ಹೆಚ್ಚು ಅನ್ನಿಸಿತೋ ಅದನ್ನು ಸ್ಪೀಕರ್ ಹೇಳುತ್ತಾರೆ. ಲೋಕಸಭೆಯ ನಿಯಮ 367ರಂತೆ ಅದು ಅವರ ಅಭಿಪ್ರಾಯವಷ್ಟೇ. ಯಾರೂ ತಕರಾರು ಎತ್ತದಿದ್ದರೆ ಮಾತ್ರ ಅದು ಸದನದ ತೀರ್ಮಾನ.

ತಕರಾರು ಬಂತೆನ್ನಿ, ಲಾಬಿ (ಸದನದ ಪಕ್ಕದ ಮೊಗಸಾಲೆ) ತೆರವಿಗೆ ಆದೇಶವಾಗುತ್ತದೆ. ಗಂಟೆ ಬಾರಿಸುತ್ತದೆ. ಹೊರಗಿರುವ ಸಂಸದರು ಓಡಿಬರಲು ಸಿಗುವುದು ಮೂರೂವರೆ ನಿಮಿಷ. ಆಮೇಲೆ ಅದೇ ಪ್ರಶ್ನೆ ಎರಡನೇ ಸಲ. ಮತ್ತೂ ತಕರಾರಾದರೆ ಗುಂಡಿ ಒತ್ತಿಯೋ ಚೀಟಿಯಲ್ಲೋ ಮತವಿಭಜನೆ, ಅಂದರೆ ಪರ-ವಿರೋಧ ಮತಗಳ ಎಣಿಕೆ. ಬೇಡಿಕೆ ಅನಗತ್ಯ ಅನ್ನಿಸಿದರೆ ಸ್ಪೀಕರ್ ಎರಡೂ ಕಡೆಯವರನ್ನು ಎದ್ದು ನಿಲ್ಲಿಸಿ ಎಣಿಸಬಹುದು. ಆಗ ಯಾರು ಯಾವ ಕಡೆ ಎಂಬುದು ದಾಖಲಾಗುವುದಿಲ್ಲ.

ಎಡವಟ್ಟಾಗುವುದು ಸದನದ ಬಾವಿಯಲ್ಲಿ, ಅಂದರೆ ಪೀಠದ ಮುಂದಿನ ಖಾಲಿ ಜಾಗದಲ್ಲಿ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲೇ ಪಾಸಾದವು. ಮತವಿಭಜನೆ ಕೇಳುವವರು ತಮ್ಮ ಆಸನದಲ್ಲಿರಬೇಕು ಎಂದರು ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್. ಆಸನದಲ್ಲೇ ಇದ್ದೆವು ಎಂದು ಕೆಲವು ಸದಸ್ಯರು ವಾದಿಸಿದರು. ಘೋಷಣೆ ಕೂಗಲು ಬಾವಿಗಿಳಿಯುವ ವಿರೋಧ ಪಕ್ಷ ತನ್ನ ಗಟ್ಟಿ ಅಸ್ತ್ರವನ್ನು ತಾನೇ ಕೆಳಗಿಡುತ್ತದೆ, ನಿಜ. ಆದರೂ ಅನುಮಾನವಿದ್ದಾಗ ಕಲಾಪ ಹತ್ತು ನಿಮಿಷ ಮುಂದೂಡಿ, ಎಲ್ಲರನ್ನೂ ಕೂರಿಸಿ ಎಣಿಸಿದರೆ ಪೀಠದ ಗೌರವವೇ ಉಳಿಯುತ್ತದೆ.

ಸಂವಿಧಾನ ತಿದ್ದುಪಡಿಗೆ ಮಾತ್ರ ಕೂಗು ಸಾಲದು, ಎಣಿಸಲೇಬೇಕು. 2023ರಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ ಬಿದ್ದವು. ಮಂಡನೆಗೆ ಸರಳ ಬಹುಮತ ಸಾಕು. 2024ರ ಡಿಸೆಂಬರ್ 17ರಂದು ‘ಒಂದು ದೇಶ, ಒಂದು ಚುನಾವಣೆ’ಯ ಸಂವಿಧಾನ ತಿದ್ದುಪಡಿ ಮಸೂದೆ 269–198ರಲ್ಲಿ ಮಂಡನೆಯಾಯಿತು. ಅಂದೇ ಅಂಗೀಕಾರ ಬೇಕಿದ್ದರೆ, ಹಾಜರಿದ್ದು ಮತ ಹಾಕಿದ 467 ಮಂದಿಯಲ್ಲಿ ಮೂರನೇ ಎರಡರಷ್ಟು, ಅಂದರೆ 312 ಜನ ಪರವಾಗಿರಬೇಕಿತ್ತು.

ಇನ್ನು ಸ್ಪೀಕರ್ ಮತ. ಸಂವಿಧಾನದ 100ನೇ ವಿಧಿಯಂತೆ ಅವರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಸಮಬಲವಾದಾಗ ಮಾತ್ರ ನಿರ್ಣಾಯಕ ಮತ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತದಲ್ಲಿ 269–270ರಲ್ಲಿ ಬಿತ್ತಲ್ಲ, ಅಂದು ಒಡಿಶಾ ಮುಖ್ಯಮಂತ್ರಿಯಾಗಿದ್ದ ಸಂಸದ ಗಿರಿಧರ್ ಗಮಾಂಗ್ ಮತ ಹಾಕಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಸ್ಪೀಕರ್ ಬಾಲಯೋಗಿ ಅದನ್ನು ಗಮಾಂಗರ ವಿವೇಚನೆಗೇ ಬಿಟ್ಟರು; ಅವರು ಸರ್ಕಾರದ ವಿರುದ್ಧ ಮತ ಹಾಕಿದರು. ತಡೆದಿದ್ದರೆ ಲೆಕ್ಕ 269–269ಕ್ಕೆ ನಿಂತು, ಸರ್ಕಾರದ ಹಣೆಬರಹ ಬಾಲಯೋಗಿಯವರ ಒಂದು ಮತಕ್ಕೆ ಬರುತ್ತಿತ್ತು. ಅವರ ಪಕ್ಷ ತೆಲುಗುದೇಶಂ ಆಗ ಸರ್ಕಾರಕ್ಕೆ ಹೊರಗಿನ ಬೆಂಬಲ ಕೊಟ್ಟಿತ್ತು.

ಇದು ತಿರುವುಮುರುವಾಗುವುದು ಸ್ಪೀಕರ್ ಪದಚ್ಯುತಿಯ ನಿರ್ಣಯದಲ್ಲಿ. ಆಗ ಅವರು ಪೀಠ ಬಿಟ್ಟು ಸದಸ್ಯರಂತೆ ಮಾತಾಡಬಹುದು, ಮೊದಲ ಸುತ್ತಿನಲ್ಲೇ ಮತ ಹಾಕಬಹುದು. ನಿರ್ಣಾಯಕ ಮತ ಮಾತ್ರ ಇರುವುದಿಲ್ಲ.