ಆ ಇಬ್ಬರು ಮಕ್ಕಳಿಂದ ಶುರು ಮಾಡಿ

ನಮಸ್ಕಾರ.

ಹೈದರಾಬಾದಿನ ರೆಸಿಡೆಂಟ್, ಅಂದರೆ ನಿಜಾಮನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ, ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಬಗ್ಗೆ ನೀವು ಕಳಿಸಿದ ‘ನಿಜಾಮನ ನಾಡಿನ ಅಮರ ಪ್ರೇಮ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆ. ಹಾಗಂತ ‘ವಿಷಾದಗಳೊಂದಿಗೆ’ ಎಂದು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಹದಿನಾರು ಪುಟಗಳಲ್ಲಿ ಹದಿನೈದನೆಯದಕ್ಕೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಕೂತುಬಿಟ್ಟೆ. ಆ ಪುಟಕ್ಕಾಗಿಯೇ ಇಷ್ಟು ಉದ್ದದ ಕಾಗದ.

ಅಲ್ಲಿ ನೀವು ಹೇಳಿರುವುದು ಇಷ್ಟು. ಮೂರು ವರ್ಷದವಳಿದ್ದಾಗ ಇಂಗ್ಲೆಂಡಿಗೆ ಹೋದ ಜೇಮ್ಸನ ಮಗಳು ಕಿಟ್ಟಿ, ನಲವತ್ತರ ಆಸುಪಾಸಿನಲ್ಲಿ ಹೈದರಾಬಾದಿನ ಅಜ್ಜಿ ಶರಫುನ್ನಿಸಾಗೆ ಕಾಗದ ಬರೆಯುತ್ತಾಳೆ. ಅಜ್ಜಿ ಪಾರಸಿಯಲ್ಲಿ ಬರೆಸಿ ಉತ್ತರ ಕಳಿಸುತ್ತಾಳೆ, ಜೊತೆಗೆ ತೀರಿಹೋದ ಮಗಳ ಒಂದು ಎಳೆ ಕೂದಲನ್ನೂ. ಇದಕ್ಕೆ ನೀವು ಕೊಟ್ಟಿರುವುದು ನಾಲ್ಕೇ ಸಾಲು! ನಿಜಾಮನೊಂದಿಗೆ ಕಂಪನಿ ಮಾಡಿಕೊಂಡ 1798ರ ಒಪ್ಪಂದದ ಷರತ್ತುಗಳಿಗೆ ಮಾತ್ರ ಎರಡೂವರೆ ಪುಟ.

ನಿಮ್ಮ ಮೊದಲ ವಾಕ್ಯ ನೋಡಿ: ‘ಕ್ರಿ.ಶ. 1764ರಲ್ಲಿ ಮದರಾಸಿನಲ್ಲಿ ಜನಿಸಿದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಬ್ರಿಟಿಷ್ ಆಡಳಿತದ ಇತಿಹಾಸದಲ್ಲಿ ಒಂದು ವಿಶಿಷ್ಟ ವ್ಯಕ್ತಿತ್ವ.’ ಈ ವಾಕ್ಯದಲ್ಲಿ ತಪ್ಪೇನಿಲ್ಲ. ಆದರೆ ಹೆಸರು, ಇಸವಿ ಬದಲಿಸಿದರೆ ಯಾರ ಮೇಲಿನ ಲೇಖನಕ್ಕೂ ಹೊಂದುತ್ತದೆ. ಓದುಗ ಅಲ್ಲೇ ಪುಟ ತಿರುಗಿಸಿಬಿಡುತ್ತಾನೆ.

ಮಾರ್ಜಿನ್‌ನಲ್ಲಿ ನಾನು ಒಂದು ಆರಂಭ ಬರೆದು ನೋಡಿದೆ. ಇದನ್ನೇ ಇಟ್ಟುಕೊಳ್ಳಿ ಎನ್ನುತ್ತಿಲ್ಲ, ದಾರಿ ತೋರಿಸುವುದಕ್ಕಷ್ಟೇ:

‘1805, ಮದರಾಸು. ಚಿತ್ರಕಾರ ಜಾರ್ಜ್ ಚಿನ್ನೆರಿ ಇಬ್ಬರು ಮಕ್ಕಳ ಚಿತ್ರ ಬರೆಯುತ್ತಿದ್ದಾನೆ. ನಾಲ್ಕು ವರ್ಷದ ಹುಡುಗ ಜರಿ ಅಂಚಿನ ಕೆಂಪು ಜಾಮಾ ತೊಟ್ಟು ನೇರ ನಮ್ಮನ್ನೇ ನೋಡುತ್ತಾನೆ. ಮೂರು ವರ್ಷದ ತಂಗಿಯ ಕಣ್ಣು ಕೆಳಗಿದೆ. ಹೈದರಾಬಾದಿನಲ್ಲಿ ಅವರು ಸಾಹಿಬ್ ಆಲಂ, ಸಾಹಿಬ್ ಬೇಗಂ. ಸೆಪ್ಟೆಂಬರಿನಲ್ಲಿ ಹಡಗು ಹತ್ತಿದರು. ಮರುವರ್ಷ ಲಂಡನ್ನಿನ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು: ಆತ ವಿಲಿಯಂ ಜಾರ್ಜ್, ಆಕೆ ಕ್ಯಾಥರೀನ್ ಅರೋರಾ, ಮುಂದಿನ ಕಿಟ್ಟಿ. ಅಮ್ಮನನ್ನು ಅವರು ಮತ್ತೆ ನೋಡಲಿಲ್ಲ.’

ಇಲ್ಲಿಂದ ಹಿಂದಕ್ಕೆ ಹೋದರೆ ಅಪ್ಪ ಯಾರು, ಅಮ್ಮ ಯಾರು, ಯಾಕೆ ಕಳಿಸಿದರು ಎಂದು ಓದುಗರೇ ಕೇಳುತ್ತಾರೆ. ಜೇಮ್ಸ್ ಮದರಾಸಿನಲ್ಲಿ ಹುಟ್ಟಿದ್ದೂ ಆಗ ಅರ್ಥ ಪಡೆಯುತ್ತದೆ. ಆತನನ್ನೂ ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಸಾಗಿಸಿದ್ದರು. ತನಗಾದದ್ದನ್ನೇ ತನ್ನ ಮಕ್ಕಳಿಗೆ ಮಾಡಿದ.

ಇನ್ನು ಮಧ್ಯಭಾಗ. ಎಂಟು ಪುಟ ರಾಜಕಾರಣ ಬರೆದು, ಒಂಬತ್ತನೆಯದರಲ್ಲಿ ‘ಇನ್ನು ಆತನ ಖಾಸಗಿ ಬದುಕಿಗೆ ಬರೋಣ’ ಎಂದಿದ್ದೀರಿ. ಇಡೀ ಲೇಖನ ಬಿರುಕು ಬಿಟ್ಟಿರುವುದು ಆ ಸಾಲಿನಲ್ಲೇ. ಕಂಪನಿಯ ಪರವಾಗಿ ಒಂದು ದರ್ಬಾರಿನಲ್ಲಿ ಕೂತು, ಅದೇ ದರ್ಬಾರಿನವರ ಮನೆಯ ಹುಡುಗಿಯನ್ನು ಮದುವೆಯಾದವನಿಗೆ ಖಾಸಗಿ ಬದುಕು ಎಲ್ಲಿಂದ ಬರಬೇಕು? ಆ ಹುಡುಗಿ ಖೈರುನ್ನಿಸಾ. ಆಕೆಯ ಅಜ್ಜ ಬಾಕರ್ ಅಲಿ ಖಾನ್ ಕಂಪನಿ ಪಡೆಯ ಬಕ್ಷಿ, ಅಂದರೆ ಸಂಬಳ ಬಟವಾಡೆಯ ಅಧಿಕಾರಿ. ಅವರ ಬಂಧು ಮೀರ್ ಆಲಂ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಿಜಾಮನ ಸೈನ್ಯವನ್ನು ತಂದವನು. ಜೇಮ್ಸ್‌ನ ಅಣ್ಣ ವಿಲಿಯಂ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಪ್ತ ವಲಯದವನು. ಮುಂದೆ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದವನೂ ಈತನೇ. ಮದುವೆಯ ಸುದ್ದಿ ಕಲ್ಕತ್ತಕ್ಕೆ ಮುಟ್ಟಿದಾಗ ವೆಲ್ಲೆಸ್ಲಿ ವಿಚಾರಣೆ ನಡೆಸಿದ. ಮನೆಯ ಮಾತೆಲ್ಲ ಕಡತಕ್ಕೆ ಏರಿತು.

ನಿಮ್ಮ ಲೇಖನದಲ್ಲೇ ಇರುವ ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆರನೇ ಪುಟದಲ್ಲಿ 1800ರ ಅಕ್ಟೋಬರ್ 12, ನಿಜಾಮನೊಂದಿಗೆ ಹೊಸ ಒಪ್ಪಂದ. ಹನ್ನೊಂದನೇ ಪುಟದಲ್ಲಿ 1801ರ ಮಾರ್ಚ್, ಮಗ ಹುಟ್ಟಿದ್ದು. ಅಂದರೆ ಕರ್ಕ್‌ಪ್ಯಾಟ್ರಿಕ್ ಆ ಒಪ್ಪಂದ ಕುದುರಿಸುವಾಗ ಖೈರುನ್ನಿಸಾ ಬಸುರಿ. ನೀವು ಬಳ್ಳಾರಿಯವರೆಂದು ಪರಿಚಯದಲ್ಲಿ ಬರೆದಿದ್ದೀರಿ. ನಿಮ್ಮ ಬಳ್ಳಾರಿ ನಿಜಾಮನ ಕೈಯಿಂದ ಕಂಪನಿಗೆ ಹೋದದ್ದು ಇದೇ ಒಪ್ಪಂದದಲ್ಲಿ. ಇದನ್ನು ನೀವು ಎಲ್ಲೂ ಹೇಳಿಲ್ಲವಲ್ಲ, ಅದು ನನಗೆ ನಿಜಕ್ಕೂ ಬೇಸರ ತಂದಿತು.

ಈಗ ಶೀರ್ಷಿಕೆ. ‘ಅಮರ ಪ್ರೇಮ’ ಬೇಡ. ಖೈರುನ್ನಿಸಾಳ ವಯಸ್ಸನ್ನು ನೀವು ಎಲ್ಲಿಯೂ ಕೊಟ್ಟಿಲ್ಲ. ಆಕೆಗೆ ಆಗ ಹದಿನಾಲ್ಕರ ಸುಮಾರು, ಆತನಿಗೆ ಮೂವತ್ತೈದರ ಸುಮಾರು. ಅದನ್ನು ಮುಚ್ಚಿಟ್ಟು ಪ್ರೇಮ ಎಂದರೆ ಓದುಗರಿಗೆ ಮೋಸ ಮಾಡಿದಂತೆ. ಇಬ್ಬರ ನಡುವೆ ಅಕ್ಕರೆ ಇತ್ತು, ನಿಜ. ಎರಡನ್ನೂ ಬರೆಯಿರಿ.

ಹತ್ತನೇ ಪುಟದಲ್ಲಿ ಆಕೆ ಜಾಲಂದ್ರದ ಹಿಂದೆ ನಿಂತು ‘ಇವನೇ ನನ್ನ ಪ್ರಾಣ’ ಎಂದುಕೊಳ್ಳುತ್ತಾಳೆ. ಹಾಗೆಂದು ನಿಮಗೆ ಯಾರು ಹೇಳಿದರು? ಆ ಮನೆಯೊಳಗಿನ ಮಾತು ನಮಗೆ ಸಿಗುವುದು ಹೆಚ್ಚಾಗಿ ಆತ ಅಣ್ಣನಿಗೆ ಬರೆದ ಕಾಗದಗಳಿಂದ. ಅದನ್ನು ಓದುಗರಿಗೆ ಹೇಳಿಬಿಡಿ.

1805ರ ಅಕ್ಟೋಬರ್ 15ರಂದು ಕಲ್ಕತ್ತದಲ್ಲಿ ಆತ ತೀರಿಕೊಂಡದ್ದನ್ನು ಬರೆದು ‘ಪ್ರೇಮಕ್ಕೆ ತೆರೆ ಬಿತ್ತು’ ಎಂದಿರಿ. ಆಕೆಗೆ ಆಗ ಹತ್ತೊಂಬತ್ತೋ ಇಪ್ಪತ್ತೋ! ಆತನ ಸಹಾಯಕನಾಗಿದ್ದ ಹೆನ್ರಿ ರಸೆಲ್ ಆಕೆಯೊಂದಿಗೆ ಸಂಬಂಧ ಬೆಳೆಸಿದ. ಆಮೇಲೆ 1808ರಲ್ಲಿ ಮದರಾಸಿನಲ್ಲಿ ಬೇರೊಬ್ಬಳನ್ನು ಮದುವೆಯಾದ. ಹೈದರಾಬಾದಿಗೆ ಮರಳಲಾಗದೆ ಆಕೆ ಮಚಲೀಪಟ್ಟಣದಲ್ಲಿ ದಿನ ತಳ್ಳಿದಳು. ಕೊನೆಗೆ ಊರಿಗೆ ಬಂದು 1813ರಲ್ಲಿ ತೀರಿಕೊಂಡಳು. ಇದೆಲ್ಲ ನಿಮಗೆ ಗೊತ್ತಿದೆ, ಟಿಪ್ಪಣಿಯಲ್ಲಿ ಒಂದು ಸಾಲು ಇದೆ. ಪ್ರೇಮಕಥೆ ಕೆಡುತ್ತದೆಂದು ಬಿಟ್ಟಿರೇನೋ. ಮಕ್ಕಳ ಚಿತ್ರ ಕೂಡ ಆ ರಸೆಲ್‌ನ ಮನೆಯಲ್ಲೇ ಉಳಿದಿತ್ತು. ಕಿಟ್ಟಿ ದೊಡ್ಡವಳಾದ ಮೇಲೆ ಅದನ್ನು ಕಂಡದ್ದು ಅಲ್ಲೇ. ಇಂಥದ್ದನ್ನು ಬಿಡಬೇಡಿ.

ಮೊದಲಿಂದ ಕೊನೆಯವರೆಗೂ ಉಳಿಯುವವಳು ಶರಫುನ್ನಿಸಾ. ಮಗಳ ಮದುವೆಗೆ ನಿಂತವಳು, ಮೊಮ್ಮಕ್ಕಳನ್ನು ಕಳಿಸಿಕೊಟ್ಟವಳು, ಮಗಳನ್ನು ಕಳೆದುಕೊಂಡವಳು, ಕೂದಲನ್ನು ಜೋಪಾನವಾಗಿ ಇಟ್ಟುಕೊಂಡವಳು. ರೆಸಿಡೆಂಟನ ಸಂಸಾರದ ಕಥೆಯನ್ನು ಈಕೆಯ ಕೈಹಿಡಿದು ನಡೆಸಿ.

ಹೈದರಾಬಾದಿನ ಕೋಠಿಯಲ್ಲಿರುವ ರೆಸಿಡೆನ್ಸಿಯನ್ನು, ಅಂದರೆ ರೆಸಿಡೆಂಟನ ಬಂಗಲೆಯನ್ನು, ನೋಡಿ ಬಂದಿದ್ದೇನೆ ಎಂದಿದ್ದೀರಿ. ಜನಾನಾ ತೋಟದಲ್ಲಿ ಅದೇ ಬಂಗಲೆಯ ಪುಟ್ಟ ಗಾರೆ ಪ್ರತಿಕೃತಿ ಇದೆ. ಪರದೆಯಲ್ಲಿದ್ದ ಬೇಗಂ ಮುಂಭಾಗಕ್ಕೆ ಬಂದು ನೋಡುವಂತಿರಲಿಲ್ಲ, ಅದಕ್ಕೇ ಕಟ್ಟಿಸಿಕೊಟ್ಟ ಎಂದು ಅಲ್ಲಿನ ಜನ ಹೇಳುತ್ತಾರೆ. ನೀವು ಬರೆದದ್ದು: ‘ಪ್ರೇಮದ ಕುರುಹಾಗಿ ಇಂದಿಗೂ ಕಂಗೊಳಿಸುತ್ತಿದೆ.’ ಅದು ನಿಮ್ಮ ಎದೆಮಟ್ಟ ಬಂತೇ, ಸೊಂಟದ ಮಟ್ಟವೇ? ಬಗ್ಗಿ ನೋಡಿದರೆ ಕಂಬಗಳ ನಡುವೆ ಏನು ಕಂಡಿತು? ಅದನ್ನು ಬರೆಯಲು ನಿಮ್ಮಿಂದ ಮಾತ್ರ ಸಾಧ್ಯ, ನಾನು ಇಲ್ಲಿ ಕೂತು ತಿದ್ದಲಾರೆ.

ಲೇಖಕ ಥಾಮಸ್ ಕಾರ್ಲೈಲ್ ಕಿಟ್ಟಿಯನ್ನು ಮೆಚ್ಚಿದ್ದನೆಂಬ ಪುಟವನ್ನು ಪೂರ್ತಿ ತೆಗೆಯಿರಿ. ‘ರಾಯಭಾರಿ’, ‘ರಾಜದೂತ’, ‘ಪ್ರತಿನಿಧಿ’ ಎಂದು ಮೂರು ಹೆಸರು ಬೇಡ, ರೆಸಿಡೆಂಟ್ ಎಂಬ ಒಂದೇ ಪದ ಸಾಕು. ಹೊಸ ಕರಡು ಎಂಟು ಪುಟ ದಾಟದಿರಲಿ. ಅವಸರ ಮಾಡಬೇಡಿ. ಅಜ್ಜಿಯ ಭಾಗ ಮೊದಲು ಮುಗಿದರೆ ಅಷ್ಟನ್ನೇ ಕಳಿಸಿ, ಓದಿ ಹೇಳುತ್ತೇನೆ.

ಇಂತಿ,
ಸಂಪಾದಕ