ಗಾಳಿ ಕೊಡುವ ಶಾಖ ಎಲ್ಲಿಂದ ಬಂತು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ‘ನೆಲಕ್ಕೆ ಬಿಸಿಲಿನಿಂದ ಸಿಗುವುದರ ಎರಡು ಪಟ್ಟು ಶಾಖ ವಾತಾವರಣದಿಂದ ಸಿಗುತ್ತದೆ’ ಎಂದು ಬರೆದಿದ್ದೆವು. ಅದಕ್ಕೆ ನೀವು ಉದ್ದದ ಪತ್ರ ಬರೆದಿದ್ದೀರಿ. ಗಾಳಿಗೆ ಸ್ವಂತ ಬೆಂಕಿಯಿಲ್ಲ, ಅದು ಕಾಯುವುದೇ ನೆಲದಿಂದ. ಹಾಗಿರುವಾಗ ಅದು ನೆಲಕ್ಕೆ ಸೂರ್ಯನಿಗಿಂತ ಜಾಸ್ತಿ ಕೊಡುವುದು ಹೇಗೆ? ತಣ್ಣಗಿರುವುದು ಬೆಚ್ಚಗಿರುವುದನ್ನು ಕಾಯಿಸೀತೇ? ಇದು ಅಚ್ಚಿನ ತಪ್ಪು ಅಲ್ವಾ? ಇವು ನಿಮ್ಮ ಪ್ರಶ್ನೆಗಳು.

ಅಚ್ಚಿನ ತಪ್ಪಲ್ಲ. ಆದರೆ ಆ ಸಾಲನ್ನು ಹಾಗೇ ನಂಬದೆ ಲೆಕ್ಕ ಕೇಳಿದಿರಲ್ಲ, ಅದು ನನಗೆ ತುಂಬ ಹಿಡಿಸಿತು. ಲೆಕ್ಕ ಪೂರ್ತಿ ಕೊಡುತ್ತೇನೆ. ಅಂಕಿಗಳನ್ನು ಹಿಡಿದುಕೊಳ್ಳಲು ಸುಲಭವಾಗಲೆಂದು ಹತ್ತಿರದ ಹತ್ತಕ್ಕೋ ಇಪ್ಪತ್ತಕ್ಕೋ ತಂದಿದ್ದೇನೆ. ‘ನೆಲ’ ಅಂದಾಗಲೆಲ್ಲ ಸಮುದ್ರವನ್ನೂ ಸೇರಿಸಿಕೊಳ್ಳಿ.

ಭೂಮಿ ಗುಂಡಗಿದೆ, ಅದರ ಅರ್ಧ ಯಾವಾಗಲೂ ಕತ್ತಲಲ್ಲಿರುತ್ತದೆ. ಹಗಲು ರಾತ್ರಿ ಎಲ್ಲ ಸೇರಿಸಿ ಸರಾಸರಿ ತೆಗೆದರೆ, ವಾತಾವರಣದ ಮೇಲ್ತುದಿಗೆ ಪ್ರತಿ ಚದರ ಮೀಟರಿಗೆ ಸುಮಾರು 340 ವ್ಯಾಟ್ ಬಿಸಿಲು ಬೀಳುತ್ತದೆ. ಅದರಲ್ಲಿ 100 ವ್ಯಾಟಿನಷ್ಟು ಮೋಡ, ಹಿಮ, ಮರಳಿಗೆಲ್ಲ ತಾಗಿ ಹೊರಕ್ಕೇ ಮರಳುತ್ತದೆ. ದಾರಿಯಲ್ಲಿ ಗಾಳಿ 80 ಹೀರಿಕೊಳ್ಳುತ್ತದೆ. ಇದರಲ್ಲಿ ನೀರಾವಿಯ ಪಾಲು ದೊಡ್ಡದು, ತುಂಬ ಮೇಲೆ ಓಝೋನಿನ ಪಾಲೂ ಇದೆ. ಉಳಿದ 160 ನೆಲಕ್ಕೆ.

ಈಗ ನೆಲದ ಖರ್ಚು ನೋಡಿ. ಭೂಮಿಯ ಮೇಲ್ಮೈಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್. ಅಷ್ಟು ಬೆಚ್ಚಗಿರುವ ನೆಲ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳಾಗಿ 400 ವ್ಯಾಟ್ ಹೊರಸೂಸುತ್ತದೆ. ನೀರು ಆವಿಯಾಗುವಾಗ ಇನ್ನೊಂದು 80 ವ್ಯಾಟ್ ಹೊತ್ತೊಯ್ಯುತ್ತದೆ. ಆವಿ ಮೇಲೆ ಹೋಗಿ ಮೋಡವಾಗುವಾಗ ಆ ಶಾಖವನ್ನು ಅಲ್ಲಿನ ಗಾಳಿಗೆ ಬಿಡುತ್ತದೆ. ನೆಲಕ್ಕೆ ತಾಗಿ ಬಿಸಿಯಾದ ಗಾಳಿ ಮೇಲೇರುವಾಗ 20 ಹೋಗುತ್ತದೆ. ಒಟ್ಟು 500. ಬಿಸಿಲಿನಿಂದ ಬಂದದ್ದು ಮಾತ್ರ 160. ಬಾಕಿ 340 ಮೇಲಿನಿಂದ, ಅಂದರೆ ಗಾಳಿ ಮತ್ತು ಮೋಡಗಳಿಂದ, ಇನ್‌ಫ್ರಾರೆಡ್ ರೂಪದಲ್ಲೇ ಬರಬೇಕು. ಬರುತ್ತಿದೆ ಕೂಡ.

ಒಣ ಗಾಳಿಯ ಶೇಕಡ 99 ಭಾಗ ಸಾರಜನಕ ಮತ್ತು ಆಮ್ಲಜನಕ. ಇವೆರಡೂ ನೆಲದ ಇನ್‌ಫ್ರಾರೆಡ್ ಅನ್ನು ತಡೆಯುವುದೇ ಇಲ್ಲ ಅನ್ನಬಹುದು. ತಡೆಯುವುದು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಮತ್ತು ಮೋಡಗಳು. ನೆಲ ಬಿಟ್ಟ 400ರಲ್ಲಿ ನೇರವಾಗಿ ಬಾಹ್ಯಾಕಾಶಕ್ಕೆ ದಾಟುವುದು ಬರೀ 40. ಉಳಿದ 360 ಗಾಳಿಯಲ್ಲೇ ಸಿಕ್ಕಿಕೊಂಡು ಅದನ್ನು ಕಾಯಿಸುತ್ತದೆ. ಕಾದ ಗಾಳಿಯಿಂದ ಕಿರಣಗಳು ಮೇಲಕ್ಕೂ ಹೋಗುತ್ತವೆ, ಕೆಳಕ್ಕೂ ಬರುತ್ತವೆ. ಗಾಳಿಗೆ ಬಂದದ್ದು ಬಿಸಿಲಿನಿಂದ 80, ಆವಿಯಿಂದ 80, ಮೇಲೇರುವ ಬಿಸಿ ಗಾಳಿಯಿಂದ 20, ನೆಲದ ಕಿರಣಗಳಿಂದ 360, ಒಟ್ಟು 540. ಅದು ಕೊಟ್ಟದ್ದು ಕೆಳಕ್ಕೆ 340, ಮೇಲಕ್ಕೆ 200.

ಹಾಗಾದರೆ ಶಾಖ ಹೊಸದಾಗಿ ಹುಟ್ಟಿತೇ? ಇಲ್ಲ. ಭೂಮಿಯನ್ನು ಹೊರಗಿನಿಂದ ನೋಡಿ. ಒಳಗೆ ಉಳಿದ ಬಿಸಿಲು 160 ಮತ್ತು 80, ಅಂದರೆ 240. ಹೊರಗೆ ಹೋಗುವುದು 200 ಮತ್ತು 40, ಅದೂ 240. ಒಂದೇ ನೋಟು ಇಬ್ಬರ ನಡುವೆ ಹತ್ತು ಸಲ ಓಡಾಡಿದರೆ ವ್ಯವಹಾರದ ಮೊತ್ತ ಬೆಳೆಯುತ್ತದೆ, ದುಡ್ಡು ಬೆಳೆಯುವುದಿಲ್ಲ. ಇಲ್ಲಿ ಆಗುತ್ತಿರುವುದೂ ಅದೇ.

ಆ ಮೊತ್ತ ಇಷ್ಟು ದೊಡ್ಡದಾದದ್ದು ಹೇಗೆ? ಶಾಖ ಹಿಡಿಯುವ ಅನಿಲ, ಮೋಡ ಯಾವುದೂ ಇಲ್ಲ, ಆದರೂ ಭೂಮಿ ಅದೇ 240 ವ್ಯಾಟ್ ಬಿಸಿಲು ಹೀರುತ್ತಿದೆ ಅಂದುಕೊಳ್ಳಿ. ಆಗ ನೆಲ 240 ಬಿಟ್ಟರೆ ಸಾಕು. ಅಷ್ಟಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಉಷ್ಣತೆ ಸಾಕಾಗುತ್ತದೆ. ಈಗ ಅನಿಲಗಳನ್ನು ವಾಪಸ್ ತನ್ನಿ. ನೆಲ ಬಿಟ್ಟ ಶಾಖದಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ, ನೆಲ ಇನ್ನಷ್ಟು ಕಾಯುತ್ತದೆ, ಜಾಸ್ತಿ ಸೂಸುತ್ತದೆ. ಮತ್ತೆ ಒಂದು ಪಾಲು ಹಿಂದಕ್ಕೆ. ಹೊರಗೆ ತಲುಪುವುದು ಪುನಃ 240 ಆಗುವವರೆಗೆ ಇದು ಏರುತ್ತಾ ಹೋಗಿ, 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಾವು ಬದುಕಿರುವುದು ಈ 33 ಡಿಗ್ರಿಯ ವ್ಯತ್ಯಾಸದಿಂದ.

‘ತಣ್ಣಗಿರುವುದು ಬೆಚ್ಚಗಿರುವುದನ್ನು ಕಾಯಿಸೀತೇ’ ಎಂಬ ಪ್ರಶ್ನೆಗೂ ಉತ್ತರ ಈ ಅಂಕಿಗಳಲ್ಲೇ ಇದೆ. ಕಿರಣಗಳ ಲೆಕ್ಕದಲ್ಲಿ ನೆಲ 400 ಕೊಟ್ಟು 340 ಪಡೆಯುತ್ತದೆ. ಕಳೆದು ನೋಡಿದರೆ 60 ಮೇಲಕ್ಕೇ ಹೋಗಿದೆ. ನಿಯಮ ಮುರಿದಿಲ್ಲ. ಗಾಳಿ ನೆಲಕ್ಕೆ ಮಾಡುವ ಉಪಕಾರವೆಂದರೆ ಅದು ತಣ್ಣಗಾಗುವ ವೇಗವನ್ನು ತಗ್ಗಿಸುವುದು. ಮೋಡ ಕವಿದ ರಾತ್ರಿ ನಿಚ್ಚಳ ರಾತ್ರಿಗಿಂತ ಬೆಚ್ಚಗಿರುವುದಕ್ಕೆ ಇದೇ ಕಾರಣ. ಪೈರ್ಜಿಯೋಮೀಟರ್ ಎಂಬ ಉಪಕರಣವನ್ನು ಕತ್ತಲ ಆಕಾಶದತ್ತ ಇಟ್ಟರೆ, ಸೂರ್ಯನಿಲ್ಲದ ಹೊತ್ತಿನಲ್ಲೂ ಮೇಲಿನಿಂದ ಬರುವ ಶಾಖವನ್ನು ಅಳೆಯುತ್ತದೆ. ಹಾಗಾಗಿ 340 ಎನ್ನುವುದು ಬರೀ ಕಾಗದದ ಮೇಲಿನ ಊಹೆಯಲ್ಲ.

ಈ ತಿಳುವಳಿಕೆ ಹೊಸದೂ ಅಲ್ಲ. ಅಮೆರಿಕದ ಸಂಶೋಧಕಿ ಯೂನಿಸ್ ಫೂಟ್ 1856ರಲ್ಲಿ ಗಾಜಿನ ಕೊಳವೆಗಳಿಗೆ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದದ್ದು ಎಲ್ಲಕ್ಕಿಂತ ಹೆಚ್ಚು ಕಾಯಿತು. ಯಾವ ಅನಿಲ ಶಾಖದ ಕಿರಣಗಳನ್ನು ಹೀರುತ್ತದೆ, ಯಾವುದು ದಾಟಲು ಬಿಡುತ್ತದೆ ಎಂಬುದನ್ನು ಐರ್ಲೆಂಡ್ ಮೂಲದ ಭೌತವಿಜ್ಞಾನಿ ಜಾನ್ ಟಿಂಡಾಲ್ 1859ರಿಂದ ಅಳೆಯತೊಡಗಿದರು. ಫೂಟ್ ಅವರ ಹೆಸರು ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತೇ ಹೋಗಿತ್ತು ಎಂಬುದು ನನಗೆ ನೋವಿನ ವಿಷಯ.

ಮೇಲಿನ ಲೆಕ್ಕದಲ್ಲಿ ಬಂದದ್ದೂ ಹೋದದ್ದೂ ಸರಿಸಮ ಎಂದೆ. ನಿಜಕ್ಕೂ ಅದು ಈಗ ಸರಿಸಮವಾಗಿಲ್ಲ. ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 280 ಭಾಗದಿಂದ 420 ದಾಟಿರುವುದರಿಂದ, ಒಳಗೆ ಬರುವುದಕ್ಕಿಂತ ಹೊರಹೋಗುವುದು ಚದರ ಮೀಟರಿಗೆ ಸುಮಾರು ಒಂದು ವ್ಯಾಟ್ ಕಡಿಮೆಯಿದೆ. ಒಂದು ವ್ಯಾಟ್ ತಾನೇ ಅನ್ನಬೇಡಿ. ಇಡೀ ಭೂಮಿಗೆ ಗುಣಿಸಿದರೆ, ಮನುಷ್ಯರೆಲ್ಲ ಸೇರಿ ಬಳಸುವ ಶಕ್ತಿಯ ಇಪ್ಪತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಹೀಗೆ ಉಳಿದುಕೊಳ್ಳುತ್ತಿರುವ ಶಾಖದಲ್ಲಿ ಶೇಕಡ 90ರಷ್ಟು ಸಮುದ್ರಕ್ಕೆ ಇಳಿಯುತ್ತಿದೆ. ಅದು ಅಲ್ಲಿ ಏನು ಮಾಡುತ್ತಿದೆ ಎಂಬುದಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ತೆಗೆದಿಟ್ಟಿದ್ದೇವೆ. ಆ ಲೆಕ್ಕವನ್ನೂ ಹೀಗೇ ಕೆದಕಿ ಬರೆಯಿರಿ.

- ಸಂಪಾದಕ